ಎಸ್ಸೆಸ್ಸೆಲ್ಸಿ ಮುಗೀತು, ಮುಂದೇನು? ಒಂದು ತೀರ್ಮಾನ ಗಟ್ಟಿಯಾಗುವ ಬಗೆ

ಹತ್ತನೇ ಕ್ಲಾಸಿನ ಮಕ್ಕಳನ್ನು "ಮುಂದೆ ಏನಾಗ್ತೀಯ?" ಅಂತ ಕೇಳಿದರೆ ಬರುವ ಉತ್ತರ ನಾಲ್ಕೈದೇ. ಡಾಕ್ಟರ್, ಇಂಜಿನಿಯರ್, ಟೀಚರ್, ಪೊಲೀಸ್, ಈಚೆಗೆ ಸಾಫ್ಟ್‌ವೇರ್. ಮಕ್ಕಳಿಗೆ ಆಸೆ ಕಡಿಮೆ ಅಂತಲ್ಲ, ಅವರು ಕಣ್ಣಾರೆ ಕಂಡ ಕೆಲಸಗಳೇ ಅಷ್ಟು. ಹಾಸನ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ ಪಾಠ ಹೇಳುವ ನಾವು ಕೆಲವರು ಸೇರಿ ಈ ಪ್ರಶ್ನೆಯನ್ನೇ ಬದಲಾಯಿಸಿದೆವು. "ಏನಾಗ್ತೀಯ" ಅನ್ನುವುದಕ್ಕೆ ಹದಿನೈದು ವರ್ಷದ ಮಗು ಉತ್ತರ ಕೊಡಲಾರದು, ಕೊಡಬೇಕಾಗಿಯೂ ಇಲ್ಲ. ಆ ವಯಸ್ಸಿನಲ್ಲಿ ನಿಜಕ್ಕೂ ತೀರ್ಮಾನ ಆಗುವುದು ಉದ್ಯೋಗವಲ್ಲ, ಓದುವ ವಿಷಯಗಳು. ಆ ವಿಷಯಗಳು ಕೆಲವು ಬಾಗಿಲು ತೆರೆದಿಡುತ್ತವೆ, ಕೆಲವನ್ನು ಮುಚ್ಚುತ್ತವೆ. ಯಾವ ಬಾಗಿಲು ಮುಚ್ಚಿತು ಅನ್ನುವುದು ಎರಡು ವರ್ಷ ಕಳೆದು ಸಿಇಟಿ (ವೃತ್ತಿಪರ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆ) ಅರ್ಜಿ ತುಂಬುವಾಗ ಗೊತ್ತಾದರೆ ಆಗ ಯಾರೂ ಏನೂ ಮಾಡಲಾಗದು.

ಫಲಿತಾಂಶ ಬಂದ ದಿನದಿಂದ ಪಿಯು ಪ್ರವೇಶ ಮುಗಿಯುವವರೆಗೆ ಸಿಗುವುದು ಕೆಲವೇ ವಾರ. ಆ ವಾರಗಳು ಅರ್ಜಿ, ಟಿಸಿ, ಸರ್ಟಿಫಿಕೇಟು ಅಂತ ಓಡಾಡುವುದಕ್ಕೇ ಸಾಲುವುದಿಲ್ಲ. ಯೋಚನೆ ಅದಕ್ಕೂ ಮುಂಚೆ ಆಗಿರಬೇಕು. ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಶುರುವಾಗಿ ಹತ್ತನೇ ಕ್ಲಾಸಿನ ದಸರಾ ರಜೆಯೊಳಗೆ ಮುಕ್ಕಾಲು ಭಾಗ ಮುಗಿಯಬೇಕು. ಆಮೇಲೆ ಮಗು ಪರೀಕ್ಷೆಗೆ ಓದಿಕೊಳ್ಳಲಿ.

ಈ ಕೆಲಸ ಹೇಗೆ ಸಾಗುತ್ತದೆ ಅನ್ನುವುದನ್ನು ಒಬ್ಬ ಹುಡುಗಿಯ ಉದಾಹರಣೆ ಇಟ್ಟುಕೊಂಡೇ ಹೇಳುವುದು ಸುಲಭ. ಕನ್ನಡ ಮಾಧ್ಯಮ. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ, ಎರಡು ಹಸು, ಡೇರಿಗೆ ಹಾಲು. ಮುಂದಿನ ಯೋಚನೆಯನ್ನು ನಾವು ಪ್ರತಿ ಮಗುವಿನಿಂದ ಒಂದು ಹಾಳೆಯಲ್ಲಿ ಬರೆಸುತ್ತೇವೆ, ಅವಳ ಹಾಳೆಯ ಮೇಲೆ ಮೊದಲ ಸಾಲು: "ಡಾಕ್ಟರ್ ಆಗಬೇಕು." ಇಂಥ ಹಾಳೆಗಳೇ ಹೆಚ್ಚು ಬರುತ್ತವೆ.

ಮೊದಲು ಆ ಆಸೆಯನ್ನು ಬಿಡಿಸಿ ನೋಡಬೇಕು. ಡಾಕ್ಟರ್ ಆಗಬೇಕು ಅನ್ನುವ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಆಸೆಗಳಿರುತ್ತವೆ: ಕಾಯಿಲೆ ಬಿದ್ದವರಿಗೆ ಆಸರೆಯಾಗಬೇಕು, ದೇಹದ ಒಳಗೆ ಏನಾಗುತ್ತದೆ ತಿಳಿಯಬೇಕು, ಊರಲ್ಲಿ ಮರ್ಯಾದೆ ಬೇಕು, ಸಂಬಳ ಚೆನ್ನಾಗಿರಬೇಕು, ಅಪ್ಪ ಅಮ್ಮನಿಗೆ ಖುಷಿಯಾಗಬೇಕು. ಇವುಗಳಲ್ಲಿ ಯಾವುದು ದೊಡ್ಡದು ಅಂತ ಮಗುವೇ ಅಂಕಿ ಹಾಕಿ ಸಾಲಾಗಿ ಬರೆಯಬೇಕು. ಈ ಹುಡುಗಿ ಮೊದಲು ಬರೆದದ್ದು ದೇಹದ ಒಳಗಿನ ಸಂಗತಿ ತಿಳಿಯುವ ಆಸೆ, ಮರ್ಯಾದೆ ಕೊನೆಗೆ. ಹಾಗಾದರೆ ಎಂಬಿಬಿಎಸ್ ಒಂದೇ ದಾರಿಯಲ್ಲ. ಲ್ಯಾಬ್ ಟೆಕ್ನಾಲಜಿ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪಶುವೈದ್ಯಕೀಯ, ಕಡೆಗೆ ಜೀವಶಾಸ್ತ್ರದಲ್ಲಿ ಬಿಎಸ್ಸಿ ಎಂಎಸ್ಸಿ, ಎಲ್ಲವೂ ಅದೇ ಆಸೆಗೆ ಹೊಂದುತ್ತವೆ. ಮರ್ಯಾದೆಯೇ ಮೊದಲು ಬಂದಿದ್ದರೆ ಪಟ್ಟಿ ಬೇರೆಯಾಗುತ್ತಿತ್ತು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಗೊತ್ತಿರಬೇಕು.

ಎರಡನೆಯ ಹೆಜ್ಜೆ ಮುಂದಿನಿಂದ ಹಿಂದಕ್ಕೆ ಬರುವುದು. ಪಟ್ಟಿಯಲ್ಲಿರುವ ಪ್ರತಿ ಓದಿಗೂ ಪಿಯುಸಿಯಲ್ಲಿ ಏನು ಓದಿರಬೇಕು ಅಂತ ಎದುರಿಗೆ ಬರೆಯುವುದು. ಇಲ್ಲಿಯೇ ಹೆಚ್ಚು ತಪ್ಪು ತಿಳಿವಳಿಕೆ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಸೈನ್ಸ್‌ನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದು ಬಯಾಲಜಿಯಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸ್ಟಾಟಿಸ್ಟಿಕ್ಸ್ ಆದರೆ ಪಿಸಿಎಂಎಸ್. ಕಂಪ್ಯೂಟರ್ ಇಂಜಿನಿಯರಿಂಗ್ ಓದಬೇಕಾದರೆ ಪಿಸಿಎಂಸಿಯೇ ಆಗಬೇಕು ಅಂತ ಬಹಳ ಮನೆಗಳಲ್ಲಿ ನಂಬಿದ್ದಾರೆ. ಆಗಬೇಕಿಲ್ಲ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಪಿಯುಸಿಯಲ್ಲಿ ಬಂದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಸಿಎಂಬಿ ಓದಿದವರೂ ಅದೇ ಸಾಲಿನಲ್ಲಿ ನಿಂತು ಅದೇ ಸೀಟು ತೆಗೆದುಕೊಳ್ಳುತ್ತಾರೆ. ಆದರೆ ಪಿಸಿಎಂಸಿ ತೆಗೆದುಕೊಂಡವರಿಗೆ ಮೆಡಿಕಲ್, ಬಿಎಸ್ಸಿ ನರ್ಸಿಂಗ್, ಪಶುವೈದ್ಯಕೀಯ, ಬಿಎಸ್ಸಿ ಕೃಷಿಯ ಕಡೆ ದಾರಿ ಇರುವುದಿಲ್ಲ. ಪಿಯುಸಿ ಆದಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ಕೂರಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿದೆ, ಆದರೆ ಅದಕ್ಕೆ ಕೈಯಿಂದ ಒಂದು ವರ್ಷ ಹೋಗುತ್ತದೆ. ಹಾಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟ: ಆರೋಗ್ಯ ಅಥವಾ ಕೃಷಿಯ ಕಡೆ ಒಂದಿಷ್ಟಾದರೂ ಮನಸ್ಸಿದ್ದರೆ ಪಿಸಿಎಂಬಿ. ಬಯಾಲಜಿ ಬೇಡವೇ ಬೇಡ, ಚಿತ್ರ ಬರೆಯುವುದು, ಹೆಸರು ನೆನಪಿಡುವುದು ಆಗುವುದೇ ಇಲ್ಲ ಅನ್ನುವ ಮಗುವಿಗೆ ಅದನ್ನು ಹೊರಿಸುವುದು ಸಲ್ಲದು. ಅಂಥವರಿಗೆ ಸ್ಟಾಟಿಸ್ಟಿಕ್ಸ್ ಅಥವಾ ಕಂಪ್ಯೂಟರ್ ಸರಿ.

ಕಾಮರ್ಸ್‌ನಲ್ಲಿ ಇದೇ ಥರದ ಒಂದು ಸೂಕ್ಷ್ಮವಿದೆ. ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಜೊತೆಗೆ ನಾಲ್ಕನೆಯದಾಗಿ ಹಿಸ್ಟರಿ, ಕಂಪ್ಯೂಟರ್, ಸ್ಟಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ಇರುತ್ತದೆ. ಲೆಕ್ಕ ತಪ್ಪಿಸಿಕೊಳ್ಳಲು ಹಿಸ್ಟರಿ ತೆಗೆದುಕೊಂಡ ಮಗು ಆಮೇಲೆ ಸಿಎ ಅಂದರೆ ಕಷ್ಟಪಡುತ್ತದೆ. ಸಿಎ ಫೌಂಡೇಶನ್‌ನ ನಾಲ್ಕು ಪೇಪರುಗಳಲ್ಲಿ ಒಂದು ಪೂರ್ತಿ ಗಣಿತ, ಲಾಜಿಕ್, ಸ್ಟಾಟಿಸ್ಟಿಕ್ಸ್. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಒಟ್ಟಾರೆ ಶೇ. 50 ಬಂದರೆ ಮಾತ್ರ ಪಾಸು. ಯಾವ ವಿಭಾಗದಿಂದ ಬಂದವರೂ ಸಿಎಗೆ ಹೋಗಬಹುದು ಅನ್ನುವುದು ನಿಜ. ಹಾಗೆಯೇ ಐದು ವರ್ಷದ ಕಾನೂನು ಪದವಿಗೂ ಯಾವ ವಿಭಾಗವಾದರೂ ಸರಿ. ಆರ್ಟ್ಸ್ ಓದಿದವರಿಗೆ ಕೆಎಎಸ್, ಐಎಎಸ್ ಪರೀಕ್ಷೆಯ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಮೊದಲೇ ಪರಿಚಯವಿರುತ್ತದೆ. ದಡ್ಡರಿಗೆ ಆರ್ಟ್ಸ್ ಅನ್ನುವ ಮಾತನ್ನು ಮೇಷ್ಟ್ರುಗಳೇ ಆಡುವುದನ್ನು ನಿಲ್ಲಿಸಬೇಕು. ಓದಲು ಬರೆಯಲು ಇಷ್ಟಪಡುವ ಎಷ್ಟೋ ಮಕ್ಕಳು ಈ ಒಂದು ಮಾತಿಗೆ ಹೆದರಿ ಸೈನ್ಸ್‌ಗೆ ಹೋಗಿ ಮೊದಲ ಪಿಯುನಲ್ಲೇ ಕುಗ್ಗಿಹೋಗುತ್ತಾರೆ.

ಪಿಯುಸಿಯೇ ಬೇಡ ಅನ್ನುವವರಿಗೂ ದಾರಿ ಇದೆ. ಡಿಪ್ಲೊಮಾ ಮೂರು ವರ್ಷ, ಆರು ಸೆಮಿಸ್ಟರ್. ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಲೆಕ್ಕ ಹಾಕಿ: ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಒಟ್ಟು ಅದೇ ಆರು. ವ್ಯತ್ಯಾಸ ಏನೆಂದರೆ ಡಿಪ್ಲೊಮಾದವರಿಗೆ ಮೂರನೇ ವರ್ಷದ ಕೊನೆಗೆ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ. ಮನೆಯಲ್ಲಿ ಕಷ್ಟ ಬಂದರೆ ಅಲ್ಲೇ ನಿಲ್ಲಿಸಿ ಕೆಲಸಕ್ಕೆ ಸೇರಬಹುದು. ಪಿಯುಸಿ ಸೈನ್ಸ್ ಮುಗಿಸಿ ಅರ್ಧಕ್ಕೆ ನಿಂತವರಿಗೆ ಆ ಅನುಕೂಲ ಇಲ್ಲ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಸರ್ಕಾರದ ಉಪಕರಣಾಗಾರ ತರಬೇತಿ ಕೇಂದ್ರ ಜಿಟಿಟಿಸಿಯ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಕೈಕೆಲಸದಲ್ಲಿ ಚುರುಕಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ನಮ್ಮ ಹುಡುಗಿಯ ಹಾಳೆಗೆ ಬರೋಣ. ಈ ಹೆಜ್ಜೆ ಮುಗಿದಾಗ ಅವಳ ಪಟ್ಟಿಯಲ್ಲಿದ್ದ ಬಹುತೇಕ ಎಲ್ಲ ಓದಿನ ಎದುರೂ ಒಂದೇ ಉತ್ತರ ಬಿದ್ದಿತ್ತು, ಬಯಾಲಜಿ ಇರುವ ಸೈನ್ಸ್. ಹಾಗಾಗಿ ವಿಷಯದ ಮಟ್ಟಿಗೆ ತೀರ್ಮಾನ ಆಯಿತು. ಯಾವ ಉದ್ಯೋಗ ಅನ್ನುವುದಕ್ಕೆ ಇನ್ನೂ ಎರಡು ವರ್ಷ ಕಾಲಾವಕಾಶವಿದೆ.

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಕೆಲಸವನ್ನು ಹೋಗಿ ನೋಡುವುದು. ಅರ್ಧ ಗಂಟೆ ಮಾತಾಡಿಸಿ ಬರುವುದಲ್ಲ, ಒಂದು ಪೂರ್ತಿ ದಿನದ ಸರದಿ ನೋಡುವುದು. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ಉದಾಹರಣೆ ಕೊಡುತ್ತೇವೆ. ಇದಕ್ಕೆ ಆಸ್ಪತ್ರೆಯ ಮುಖ್ಯಸ್ಥರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮನವಿ ಕೊಡಬೇಕು, ಜೊತೆಗೆ ಒಬ್ಬ ಶಿಕ್ಷಕಿ ಇರಬೇಕು, ಮಗು ಏನನ್ನೂ ಮುಟ್ಟಬಾರದು, ರೋಗಿಗಳ ಹೆಸರು ಕಾಯಿಲೆ ಬರೆದುಕೊಳ್ಳಬಾರದು. ಹೋಗುವುದು ಬೆಳಿಗ್ಗೆ ಲ್ಯಾಬು ತೆರೆಯುವ ಹೊತ್ತಿಗೇ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದವರು ಆಗಲೇ ಸಾಲು ನಿಂತಿರುತ್ತಾರೆ.

ಮೊದಲ ಒಂದೆರಡು ಗಂಟೆ ರಕ್ತ ತೆಗೆಯುವುದೇ. ನೇರಳೆ ಮುಚ್ಚಳದ ಟ್ಯೂಬು ರಕ್ತಕಣಗಳ ಎಣಿಕೆಗೆ, ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಬೂದು ಮುಚ್ಚಳದ್ದು ಸಕ್ಕರೆಗೆ, ಕೆಂಪು ಅಥವಾ ಹಳದಿ ಮುಚ್ಚಳದ್ದು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇಕಾದ ಪರೀಕ್ಷೆಗಳಿಗೆ. ನೇರಳೆ ಟ್ಯೂಬನ್ನು ತುಂಬಿದ ಕೂಡಲೇ ಎಂಟ್ಹತ್ತು ಸಲ ನಿಧಾನಕ್ಕೆ ತಲೆಕೆಳಗು ಮಾಡಬೇಕು. ಜೋರಾಗಿ ಅಲುಗಿಸಿದರೆ ರಕ್ತಕಣ ಒಡೆದು ಫಲಿತಾಂಶ ಕೆಡುತ್ತದೆ, ಅಲುಗಿಸದೇ ಬಿಟ್ಟರೆ ಸಣ್ಣ ಗಡ್ಡೆ ಕಟ್ಟಿ ಪ್ಲೇಟ್‌ಲೆಟ್ ಎಣಿಕೆ ಕಡಿಮೆ ತೋರಿಸುತ್ತದೆ. ರೋಗಿ ಇನ್ನೂ ಎದುರಿಗೆ ಕೂತಿರುವಾಗಲೇ ಟ್ಯೂಬಿನ ಮೇಲೆ ಹೆಸರು, ನಂಬರು ಬರೆಯಬೇಕು. "ಆಮೇಲೆ ಬರೀತೀನಿ" ಅಂದರೆ ಒಬ್ಬರ ರಿಪೋರ್ಟು ಇನ್ನೊಬ್ಬರ ಕೈಗೆ ಹೋಗುತ್ತದೆ. ಸೀರಂ ಟ್ಯೂಬು ಹೆಪ್ಪುಗಟ್ಟಲು ಬಿಟ್ಟು ಆಮೇಲೆ ಅದನ್ನು ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜಿಗೆ. ಎದುರುಬದುರು ಸಮತೂಕದ ಟ್ಯೂಬು ಇಡದಿದ್ದರೆ ಯಂತ್ರ ಅದುರುತ್ತದೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟು, ನಡುವೆ ಕಫದ ಸ್ಲೈಡು, ಮಲೇರಿಯಾ ಸ್ಲೈಡು.

ನೋಡಲು ಹೋದ ಮಗು ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಟ್ಟಿರುತ್ತೇವೆ, ಆದರೆ ಒಳ್ಳೆಯ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

"ಅಕ್ಕ, ದಿನಾ ಇಷ್ಟೇ ಜನ ಬರ್ತಾರಾ?"

"ಸಂತೆ ದಿನ ಇನ್ನೂ ಜಾಸ್ತಿ ಕಣಮ್ಮ. ಕೂತ್ಕೊಳ್ಳೋಕೆ ಪುರುಸೊತ್ತಿರಲ್ಲ."

"ಬೇಜಾರಾಗಲ್ವಾ, ಅದೇ ಕೆಲಸ?"

"ಕೆಲಸ ಅದೇ, ಆದ್ರೆ ಸ್ಲೈಡ್ ಒಂದೇ ಥರ ಇರಲ್ಲ ನೋಡು. ಅದು ಇಷ್ಟ ಆದ್ರೆ ಬಾ. ಬರೀ ಸಂಬಳಕ್ಕೆ ಅಂದ್ರೆ ಕಾಲು ನೋವೇ ಉಳಿಯೋದು."

ಮನೆಗೆ ಬಂದಮೇಲೆ ಅದೇ ದಿನ ಮಗು ಮೂರು ಸಂಗತಿ ಬರೆಯಬೇಕು: ಯಾವ ಹೊತ್ತಿನಲ್ಲಿ ಸಮಯ ಹೋದದ್ದೇ ಗೊತ್ತಾಗಲಿಲ್ಲ, ಯಾವಾಗ ಗಡಿಯಾರ ನೋಡಿದೆ, ಯಾವುದನ್ನು ಕಂಡು ಹಿಂಜರಿಕೆಯಾಯಿತು. ರಕ್ತ ಕಂಡು ತಲೆ ತಿರುಗಿದರೆ ಅದೇ ಕಾರಣಕ್ಕೆ ಆ ಕ್ಷೇತ್ರ ಬಿಡಬೇಕಿಲ್ಲ, ಹೆಚ್ಚಿನವರಿಗೆ ರೂಢಿಯಾಗುತ್ತದೆ. ಆದರೆ ಒಂದೇ ಕೆಲಸವನ್ನು ಅಷ್ಟೇ ಎಚ್ಚರದಿಂದ ನೂರು ಸಲ ಮಾಡುವುದು ಹಿಂಸೆ ಅನಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಆ ಗುಣ ಬೇಗ ಬದಲಾಗುವುದಿಲ್ಲ.

ಬೇರೆ ಕೆಲಸಗಳಿಗೂ ಹೋಗಬೇಕಾದ ಹೊತ್ತು ಬೇರೆ. ತೆರಿಗೆ ಲೆಕ್ಕಿಗರ ಕಚೇರಿಗೆ ತಿಂಗಳ 20ರ ಹತ್ತಿರ ಹೋಗಬೇಕು, ತಿಂಗಳ ಜಿಎಸ್‌ಟಿ ರಿಟರ್ನ್ ಕಟ್ಟುವ ಕೊನೆಯ ದಿನ ಅದು. ಆವತ್ತಿನ ಒತ್ತಡ ಕಂಡರೆ ಆ ವೃತ್ತಿ ಏನು ಅಂತ ತಿಳಿಯುತ್ತದೆ. ಐಟಿಐ ಫಿಟ್ಟರ್ ವಿಭಾಗಕ್ಕೆ ಹೊಸ ಬ್ಯಾಚು ಬಂದ ತಿಂಗಳಲ್ಲಿ ಹೋದರೆ ವೈಸ್‌ಗೆ ಕಬ್ಬಿಣದ ತುಂಡು ಕಟ್ಟಿ ಗಂಟೆಗಟ್ಟಲೆ ಅರ ಉಜ್ಜುವುದು ಕಾಣುತ್ತದೆ. ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳೆದು, ಮೂಲೆಮಟ್ಟ ಇಟ್ಟು ಬೆಳಕು ನುಸುಳುತ್ತದಾ ಅಂತ ನೋಡುತ್ತಾರೆ. ಕಟ್ಟಡ ಕಟ್ಟುವ ಜಾಗಕ್ಕೆ ಕಾಂಕ್ರೀಟ್ ಹಾಕುವ ದಿನವೇ ಹೋಗಬೇಕು. 150 ಮಿಲಿಮೀಟರ್ ಅಚ್ಚಿಗೆ ಕಾಂಕ್ರೀಟ್ ತುಂಬಿಟ್ಟು 7ನೇ ದಿನ, 28ನೇ ದಿನ ಒತ್ತಿ ಪರೀಕ್ಷಿಸುತ್ತಾರೆ ಅಂತ ತಿಳಿದ ಮಗುವಿಗೆ ಸಿವಿಲ್ ಇಂಜಿನಿಯರ್ ಅಂದರೆ ಹೆಲ್ಮೆಟ್ ಹಾಕಿ ನಿಂತವರು ಅನ್ನುವ ಚಿತ್ರ ಅಳಿಯುತ್ತದೆ. ಪಾಠ ಹೇಳುವ ಆಸೆ ಇದ್ದವರಿಗೆ ಸುಲಭ: ನಾಲ್ಕನೇ ಕ್ಲಾಸಿಗೆ ಒಂದು ವಾರ ದಿನಕ್ಕೊಂದು ಪಿರಿಯಡ್ ಭಾಗಾಕಾರ ಹೇಳಿಕೊಡಲು ಬಿಟ್ಟರೆ ಸಾಕು.

ಇನ್ನು ಅಂಕ. ಎಸ್ಸೆಸ್ಸೆಲ್ಸಿಯ 625ಕ್ಕೆ ಎಷ್ಟು ಬಂತು ಅನ್ನುವುದು ಸೈನ್ಸ್ ಓದಬಲ್ಲರೋ ಇಲ್ಲವೋ ಅನ್ನುವುದನ್ನು ಹೇಳುವುದಿಲ್ಲ. ಅದರಲ್ಲಿ ಮೂರು ಭಾಷೆ, ಸಮಾಜ ವಿಜ್ಞಾನ ಸೇರಿರುತ್ತವೆ. ನೋಡಬೇಕಾದ್ದು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ. ವಿಜ್ಞಾನದ ಪತ್ರಿಕೆಯನ್ನು ಭೌತ, ರಸಾಯನ, ಜೀವ ಅಂತ ಮೂರು ಭಾಗ ಮಾಡಿ ಪ್ರತಿಯೊಂದರಲ್ಲಿ ಎಷ್ಟಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಕು. ಗಣಿತದಲ್ಲಿ ನಾಲ್ಕು, ಐದು ಅಂಕದ ಲೆಕ್ಕಗಳನ್ನು ಮಾತ್ರ ಬೇರೆಯಾಗಿ ನೋಡಬೇಕು. ಒಂದಂಕದ ಪ್ರಶ್ನೆ, ಬಾಯಿಪಾಠದ ಪ್ರಮೇಯ, ಅಭ್ಯಾಸ ಮಾಡಿದ ನಕ್ಷೆ ಇವೇ ಸೇರಿ ಅಂಕ ಒಳ್ಳೆಯದಾಗಿದ್ದು ದೊಡ್ಡ ಲೆಕ್ಕಗಳೆಲ್ಲ ಬಿಟ್ಟುಹೋಗಿದ್ದರೆ ಪಿಯು ಗಣಿತ ಬಹಳ ಭಾರವಾಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಪರೀಕ್ಷೆ ಇದೆ, ಅದನ್ನು ನಾವು ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲೇ ಇಡುತ್ತೇವೆ. ಪಿಯು ಸೈನ್ಸ್‌ಗೆ ಎನ್‌ಸಿಇಆರ್‌ಟಿ ಪುಸ್ತಕ, ಪಾಠ ಇಂಗ್ಲಿಷಿನಲ್ಲಿ. ಹನ್ನೊಂದನೇ ತರಗತಿಯ ಫಿಸಿಕ್ಸ್‌ನಿಂದ ಸರಳರೇಖೆಯ ಚಲನೆ, ಕೆಮಿಸ್ಟ್ರಿಯಿಂದ ಮೋಲ್ ಬರುವ ಮೊದಲ ಅಧ್ಯಾಯ, ಗಣಿತದಿಂದ ಸೆಟ್ಸ್. ದಿನಕ್ಕೆ ಎರಡೇ ಪುಟ. ನೋಟ್‌ಬುಕ್ಕಿನ ಎಡಗಡೆ ಹೊಸ ಪದ, ಬಲಗಡೆ ಕನ್ನಡದಲ್ಲಿ ಕಲಿತದ್ದು: ವೆಲಾಸಿಟಿ ಎದುರಿಗೆ ವೇಗ, ಆಕ್ಸಲರೇಶನ್ ಎದುರಿಗೆ ವೇಗೋತ್ಕರ್ಷ. ಎರಡು ವಾರದಲ್ಲಿ ಮಗುವಿಗೇ ಗೊತ್ತಾಗುತ್ತದೆ, ತೊಡಕು ಭಾಷೆಯದೋ ವಿಷಯದ್ದೋ ಅಂತ. ಭಾಷೆಯದಾದರೆ ಚಿಂತೆ ಬೇಡ, ಮೊದಲ ಮೂರ್ನಾಲ್ಕು ತಿಂಗಳು ಒದ್ದಾಡಿ ಸರಿಹೋಗುತ್ತದೆ. ಕನ್ನಡದಲ್ಲಿ ವಿವರಿಸಿದರೂ ವಿಷಯ ಹಿಡಿಸದಿದ್ದರೆ ಪುನಃ ಯೋಚಿಸಬೇಕು. ಮೊದಲ ಪಿಯು ಕಿರುಪರೀಕ್ಷೆಯಲ್ಲಿ ಹೈಸ್ಕೂಲಿನ ಅಂಕದ ಅರ್ಧಕ್ಕೆ ಇಳಿಯುವ ಮಕ್ಕಳಲ್ಲಿ ಹೆಚ್ಚಿನವರು ಭಾಷೆಯಿಂದಲೇ ಇಳಿದಿರುತ್ತಾರೆ. ಅದನ್ನು ದಡ್ಡತನ ಅಂದುಕೊಂಡು ಕಾಲೇಜು ಬಿಡುವುದು ದೊಡ್ಡ ಅನ್ಯಾಯ.

ದುಡ್ಡಿನ ಮಾತು ಮಗುವಿನ ಎದುರಿಗೇ ಆಗಬೇಕು. ನಮ್ಮಲ್ಲಿ ಅದನ್ನು ದೊಡ್ಡವರು ಒಳಗೆ ಮಾತಾಡಿಕೊಂಡು ಹೊರಗೆ ಬಂದು "ನಿಂಗೆ ಅದು ಬೇಡ" ಅಂತಾರೆ. ಮಗುವಿಗೆ ಕಾರಣ ಗೊತ್ತಾಗುವುದಿಲ್ಲ, ತನ್ನಲ್ಲೇ ಏನೋ ಕೊರತೆ ಅಂದುಕೊಳ್ಳುತ್ತದೆ. ಒಂದು ಹಾಳೆಯಲ್ಲಿ ಪ್ರತಿ ಓದಿಗೂ ಎದುರಾಗಿ ವರ್ಷ, ಕಾಲೇಜು ಶುಲ್ಕ, ಹಾಸ್ಟೆಲು, ಪುಸ್ತಕ, ಕೋಚಿಂಗು, ಮೊದಲ ಸಂಬಳ ಯಾವ ವಯಸ್ಸಿಗೆ ಅಂತ ಬರೆಯಬೇಕು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಪಿಜಿ ಅಂದರೆ ಮತ್ತೆ ಮೂರು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಸರ್ಕಾರಿ ಕಾಲೇಜಿನ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಅಂತರ ಎಷ್ಟು ದೊಡ್ಡದೆಂದರೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆಯಬೇಕು. ಸೀಟು ಸಿಕ್ಕಮೇಲೆ ಜಮೀನು ಮಾರೋಣ ಅನ್ನುವ ಮಾತು ಬಂದರೆ ಅದನ್ನು ಈಗಲೇ ಆಡಿ ಮುಗಿಸುವುದು ಒಳ್ಳೆಯದು.

ಕಳೆಯಬೇಕಾದ ಬಾಬತ್ತುಗಳೂ ಇವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಹಾಗಾಗಿ ದಿನಾ ಹೋಗಿ ಬರುವಷ್ಟು ದೂರದ ಕಾಲೇಜು ಹಾಸ್ಟೆಲಿಗಿಂತ ಅಗ್ಗ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ವರ್ಷಕ್ಕೆ ಗಂಡುಮಕ್ಕಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಅಂತ ಗೊತ್ತುಮಾಡಿದ್ದರು. ಎಂಬಿಬಿಎಸ್, ಬಿಇ ಥರದ ಪದವಿಗೆ ಅದು 10,000, 11,000. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲು ಸಿಗದಿದ್ದರೆ ವಿದ್ಯಾಸಿರಿ ಅನ್ನುವ ಊಟ, ವಸತಿ ನೆರವು. ಇವಕ್ಕೆ ಅರ್ಜಿ ಹಾಕಿಯೂ ದುಡ್ಡು ಬರದೇ ಇರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಅಥವಾ ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ ಆಗಿರುತ್ತದೆ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಈ ಆಧಾರ್ ಜೋಡಣೆ) ಯಾವ ಖಾತೆಗಿದೆ ಅಂತ ಕೇಳಿದರೆ ಅಲ್ಲೇ ಹೇಳುತ್ತಾರೆ.

ಕಾಗದಪತ್ರದ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಉದ್ಯೋಗದ ಆಯ್ಕೆಗೆ ಸಂಬಂಧವಿಲ್ಲದ್ದು ಅನಿಸಬಹುದು, ಆದರೆ ಚೆನ್ನಾಗಿ ಯೋಚಿಸಿ ಆರಿಸಿದ ಸೀಟು ಒಂದು ಅಕ್ಷರದ ತಪ್ಪಿಗೆ ಕೈತಪ್ಪುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೇ ಮಗುವಿನ ಹೆಸರು, ಇನಿಷಿಯಲ್, ಅಪ್ಪ ಅಮ್ಮನ ಹೆಸರು ಆಧಾರಿನಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ಥರ ಇದೆಯಾ ನೋಡಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಓಡಾಟ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ತೆಗೆದುಕೊಂಡಾಗ ಅದರ ಮೇಲಿರುವ ಆರ್‌ಡಿ ನಂಬರು (ಪ್ರಮಾಣಪತ್ರದ ಸಂಖ್ಯೆ) ಬೇರೆ ಕಡೆ ಬರೆದಿಡಬೇಕು, ಸಿಇಟಿ ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಆದಾಯ ಪತ್ರಕ್ಕೆ ಐದು ವರ್ಷ ಆಯುಸ್ಸು. ಎಂಟನೇ ಕ್ಲಾಸಿನ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಎರಡನೇ ಪಿಯುನಲ್ಲಿ ಕೊನೆಯ ವರ್ಷದಲ್ಲಿರುತ್ತದೆ, ಯಾರೂ ಗಮನಿಸುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು ಆಗಿದ್ದರೆ ಎರಡೂ ಕಡೆಯಿಂದ. ಟಿಸಿ ತೆಗೆದುಕೊಳ್ಳುವ ದಿನವೇ ಇವನ್ನೂ ಮಾಡಿಸಿಕೊಂಡರೆ ಎರಡು ವರ್ಷ ಬಿಟ್ಟು ಮುಖ್ಯಶಿಕ್ಷಕರನ್ನೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನೂ ಹುಡುಕಿಕೊಂಡು ಬರುವುದು ತಪ್ಪುತ್ತದೆ.

ನಮ್ಮ ಹುಡುಗಿಯ ಹಾಳೆ ಮೇ ತಿಂಗಳಲ್ಲಿ ಹೀಗಿತ್ತು. ಸರ್ಕಾರಿ ಪಿಯು ಕಾಲೇಜು, ಪಿಸಿಎಂಬಿ. ಅದರ ಕೆಳಗೆ ಎರಡು ವರ್ಷದ ನಂತರದ ನಾಲ್ಕು ಸಾಲು, ಅವಳಿಗೆ ಬೇಕಾದ ಕ್ರಮದಲ್ಲಿ. ನೀಟ್ ಒಂದು ಸಲ, ಎರಡನೇ ಪಿಯು ಜೊತೆಗೇ. ಸರ್ಕಾರಿ ಸೀಟಿನ ಮಟ್ಟಕ್ಕೆ ಬರದಿದ್ದರೆ ಅದಕ್ಕೇ ಇನ್ನೊಂದು ವರ್ಷ ಕೂರುವುದಿಲ್ಲ. ಎರಡು, ಬಿಎಸ್ಸಿ ಲ್ಯಾಬ್ ಟೆಕ್ನಾಲಜಿ. ಮೂರು, ಹಸು ಕಟ್ಟಿದ ಮನೆಯವಳಾದ್ದರಿಂದ ಹಾಸನದಲ್ಲೇ ಇರುವ ಪಶುವೈದ್ಯಕೀಯ ಕಾಲೇಜು. ನಾಲ್ಕು, ಕಾರೇಕೆರೆಯ ಕೃಷಿ ಕಾಲೇಜು. ಕೃಷಿಕರ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಕಳೆ, ಉಪಕರಣ ತೋರಿಸಿ ಗುರುತಿಸು ಅನ್ನುತ್ತಾರೆ, ತೋಟದಲ್ಲಿ ಕೈ ಆಡಿಸಿದವಳಿಗೆ ಅದು ಅನುಕೂಲ. "ಒಂದೇ ಸಲ ನೀಟ್" ಅನ್ನುವ ಸಾಲನ್ನು ಅವಳೇ ಬರೆದದ್ದು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿಗೆ ಒಂದಂಕ ಕಳೆಯುತ್ತಾರೆ, ಅರ್ಧ ಪ್ರಶ್ನೆ ಬಯಾಲಜಿಯವು, ಕನ್ನಡದಲ್ಲೂ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಬಹುದು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎರಡರ ಓದೂ ಒಂದೇ, ಬರೆಯುವ ರೀತಿ ಬೇರೆ. ಸಿಇಟಿಯಲ್ಲಿ ಗೊತ್ತಿಲ್ಲದ್ದನ್ನೂ ಗುರುತು ಹಾಕಬೇಕು, ನೀಟ್‌ನಲ್ಲಿ ಬಿಡಬೇಕು.

ಅಪ್ಪನಿಗೆ ನಾಲ್ಕು ಸಾಲು ಕಂಡು ಸಮಾಧಾನವಾಗಲಿಲ್ಲ. "ಒಂದು ಹೇಳಮ್ಮ, ಯಾವ್ದು ಅಂತ" ಅಂದರು. ಬಹಳ ತಂದೆಯರು ಹೀಗೇ ಕೇಳುತ್ತಾರೆ. ಒಂದನ್ನೇ ಹಿಡಿದವರು ಅದು ಸಿಗದ ದಿನ ಏನೂ ಇಲ್ಲದೆ ನಿಲ್ಲುತ್ತಾರೆ, ಆಗ ಯಾರೋ ಏಜೆಂಟು ಫೋನ್ ಮಾಡಿ ಎಲ್ಲೋ ದೂರದ ಕಾಲೇಜಿನ ಸೀಟು ಕೊಡಿಸುತ್ತೇನೆ ಅನ್ನುತ್ತಾನೆ. ಸಾಲು ಸಿದ್ಧವಿದ್ದವರಿಗೆ ಆ ಫೋನಿನ ಅಗತ್ಯ ಬೀಳುವುದಿಲ್ಲ ಅಂತ ವಿವರಿಸಿದ ಮೇಲೆ ಒಪ್ಪಿದರು.

ಪ್ರವೇಶ ಆದಮೇಲೂ ಒಂದು ಅವಕಾಶ ಇರುತ್ತದೆ. ತರಗತಿ ಶುರುವಾದ ಮೊದಲ ಕೆಲವು ವಾರಗಳಲ್ಲಿ, ಸೀಟು ಖಾಲಿ ಇದ್ದರೆ, ಕಾಂಬಿನೇಶನ್ ಅಥವಾ ವಿಭಾಗ ಬದಲಿಸಲು ಪ್ರಾಂಶುಪಾಲರು ಒಪ್ಪುವುದುಂಟು. ಪ್ರವೇಶದ ಕೊನೆಯ ದಿನಾಂಕ ದಾಟಿ ಹೆಸರುಗಳು ಇಲಾಖೆಗೆ ಹೋದಮೇಲೆ ಆಗುವುದಿಲ್ಲ. ಹಾಗಾಗಿ ಜೂನ್ ಎರಡನೇ ವಾರದ ಹೊತ್ತಿಗೆ ಮಗುವನ್ನು ಕೂರಿಸಿಕೊಂಡು ಕೇಳಬೇಕು: ಕ್ಲಾಸಿನಲ್ಲಿ ಹೇಳುವುದು ಎಷ್ಟು ಹಿಡಿಸುತ್ತಿದೆ, ಯಾವ ವಿಷಯದ ಪುಸ್ತಕ ತಾನಾಗಿ ತೆಗೆಯುತ್ತೀಯ, ಯಾವುದನ್ನು ತೆಗೆಯಲು ಮನಸ್ಸು ಬರುತ್ತಿಲ್ಲ. ಬದಲಿಸುವುದಾದರೆ ಬಿಳಿ ಹಾಳೆಯ ಮೇಲೆ ಅರ್ಜಿ, ಪೋಷಕರ ಸಹಿ, ಶುಲ್ಕದ ರಸೀದಿಯ ನಕಲು ಹಿಡಿದು ಆ ವಾರವೇ ಕಾಲೇಜು ಕಚೇರಿಗೆ ಹೋಗಬೇಕು.